ಬೀದಿಗೊಂದು ನೋಟ್‌ಬುಕ್: ಮೀಸಲಾತಿ ಹೋದ್ಮೇಲೂ ವಾರ್ಡ್ ಉಳಿಸ್ಕೊಂಡ ನನ್ನ ಅನುಭವ

2018ರ ನಗರಸಭೆ ಎಲೆಕ್ಷನ್‌ಗೆ ರೋಸ್ಟರ್ (ಯಾವ ವಾರ್ಡು ಯಾರಿಗೆ ಮೀಸಲು ಅನ್ನೋ ಪಟ್ಟಿ) ಬಂದಾಗ ನಾನು ಮೆಂಬರ್ ಆಗಿದ್ದ ವಾರ್ಡು ಮಹಿಳಾ ಮೀಸಲಿಂದ ಸಾಮಾನ್ಯಕ್ಕೆ ಹೋಯ್ತು. ಅವತ್ತೇ ಪಕ್ಷದೋರು, ಪಕ್ಕದ ವಾರ್ಡಿನ ಹಿರಿಯ ಮೆಂಬರ್‌ಗಳು, ನಮ್ಮ ಸಂಬಂಧಿಕರು ಎಲ್ಲಾ ಸೇರಿ ನನ್ನ ಕಥೆ ಮುಗೀತು ಅಂತ ತೀರ್ಮಾನ ಮಾಡ್ಬಿಟ್ರು, ಟಿಕೆಟ್ ಕೂಡ ಕೊಡ್ಲಿಲ್ಲ. ನಾನು ಪಕ್ಷೇತರಳಾಗಿ ನಿಂತೆ, ಮೂರು ಜನ ಗಂಡಸರ ಎದುರು, 180 ಚಿಲ್ರೆ ವೋಟಲ್ಲಿ ಗೆದ್ದೆ. ನಮ್ಮದು 1600 ವೋಟಿನ ಆಜುಬಾಜಿನ ವಾರ್ಡು, ಅದ್ರಲ್ಲಿ 180 ಸಣ್ಣದಲ್ಲ. ಹೇಗಾಯ್ತು ಅಂತ ಇವತ್ತಿಗೂ ಹೊಸ ಸದಸ್ಯೆಯರು ಫೋನ್ ಮಾಡಿ ಕೇಳ್ತಾರೆ, ಒಬ್ಬೊಬ್ರಿಗೆ ಹೇಳೋಕಿಂತ ಬರ್ದುಬಿಡೋಣ ಅಂತ ಕೂತಿದ್ದೀನಿ. ಆ್ಯಕ್ಷನ್ ಪ್ಲಾನು (ಯಾವ ದುಡ್ಡಲ್ಲಿ ಯಾವ ಕೆಲಸ ಅನ್ನೋ ಪಟ್ಟಿ), ಎಸ್ಟಿಮೇಟು (ಕೆಲಸದ ಅಂದಾಜು ಖರ್ಚು), ಎಂಬಿ ಬುಕ್ಕು (ಆದ ಕೆಲಸದ ಅಳತೆ ಬರೆಯೋ ಪುಸ್ತಕ), ನಡವಳಿ (ಸಭೆ ತೀರ್ಮಾನದ ದಾಖಲೆ) ಇವನ್ನ ಇದಕ್ಕಿಂತ ಜಾಸ್ತಿ ನಾನಿಲ್ಲಿ ವಿವರಿಸಲ್ಲ, ಮೆಂಬರ್ ಆಗಿ ಆರು ತಿಂಗಳಾದೋರಿಗೆ ಗೊತ್ತಿರುತ್ತೆ.

ನಮ್ಮೂರು ಹೇಮಾವತಿ ನೀರು ನಂಬ್ಕೊಂಡಿರೋ ಬಯಲುಸೀಮೆ ಊರು, 31 ವಾರ್ಡಿನ ನಗರಸಭೆ. ಹೆಸರು ಬೇಡ ಬಿಡಿ. ನಾನು 2013ರಲ್ಲಿ ಮೊದಲ ಸಲ ಗೆದ್ದಾಗ ಮಹಿಳಾ ಮೀಸಲು ಸೀಟು, ಆಗ ನನ್ನ ಕೈಲಿದ್ದ ಅನುಭವ ಅಂದ್ರೆ ಟೈಲರಿಂಗು ಮತ್ತೆ ಸ್ತ್ರೀಶಕ್ತಿ ಸಂಘದ ಲೆಕ್ಕ. ಸಂಘದ ಲೆಕ್ಕ ಅಂತ ಹಗುರವಾಗಿ ತಗೋಬೇಡಿ. ವಾರಕ್ಕೆ 10 ರೂಪಾಯಿ 20 ರೂಪಾಯಿ ಕಟ್ಟೋ ಇಪ್ಪತ್ತು ಹೆಂಗಸರ ಮುಂದೆ ಒಂದು ರೂಪಾಯಿ ವ್ಯತ್ಯಾಸ ಬಂದ್ರೆ ಏನಾಗುತ್ತೆ ಅಂತ ಸಂಘ ನಡೆಸಿದೋರಿಗೆ ಗೊತ್ತು, ನಾನು ಹನ್ನೊಂದು ಹನ್ನೆರಡು ವರ್ಷ ಅದನ್ನ ಒಂದು ತಕರಾರಿಲ್ದೆ ನಡೆಸಿದ್ದೆ. ನಗರಸಭೆಯ ಕಾಗದ ಪತ್ರ ನೋಡಿದಾಗ ನಂಗೆ ಅನ್ಸಿದ್ದು, ನಮ್ಮ ಸಂಘದ ಪುಸ್ತಕದಷ್ಟು ಶಿಸ್ತು ಇಲ್ಲಿಲ್ವಲ್ಲ ಅಂತ.

ಮನೇಲಿ ನಮ್ಮತ್ತೆ ಇದ್ರು. ಅವರು 1987ರ ಮಂಡಲ ಪಂಚಾಯ್ತಿ ಮೆಂಬರು. ಪಂಚಾಯ್ತಿ, ನಗರಸಭೇಲಿ ಹೆಂಗಸರಿಗೆ ಮೀಸಲು ತಂದ ಸಂವಿಧಾನದ 73, 74ನೇ ತಿದ್ದುಪಡಿ ಬರೋಕೆ ಮುಂಚೆನೇ ನಮ್ಮ ರಾಜ್ಯದಲ್ಲಿ 1983ರ ಪಂಚಾಯ್ತಿ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸೀಟು ಇಟ್ಟಿದ್ರು, ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ಕಾಲ, ಊರೂರಿಗೆ ಬೋರ್‌ವೆಲ್ ಹಾಕ್ಸಿ ನೀರ್ ಸಾಬ್ ಅಂತ ಹೆಸರು ತಗೊಂಡೋರು. ಅತ್ತೆ ನಂಗೆ ಹೇಳಿದ್ದು ಒಂದೇ: ಸಹಿ ಹಾಕೋ ಕಾಗದ ಓದು, ಓದೋಕೆ ಟೈಮ್ ಕೊಡಲ್ಲ ಅಂದ್ರೆ ಸಹಿ ಹಾಕ್ಬೇಡ. ನಮ್ಮ ಯಜಮಾನ್ರಿಗೆ ಎಲೆಕ್ಟ್ರಿಕಲ್ ಅಂಗಡಿ. ಮೊದಲ ತಿಂಗಳಲ್ಲೇ ಆಫೀಸಿನ ಸಿಬ್ಬಂದಿ "ಸರ್ ಕಳ್ಸಿ ಮೇಡಂ, ಅವರ ಹತ್ರ ಮಾತಾಡ್ತೀವಿ" ಅಂತ ಶುರು ಮಾಡಿದ್ರು. ಅವರು ಆಫೀಸಿನ ಮೆಟ್ಟಿಲು ಹತ್ತಲ್ಲ, ನಾನೇ ಬರ್ತೀನಿ ಅಂತ ಖಡಾಖಂಡಿತವಾಗಿ ಹೇಳ್ದೆ. ಅವರೂ ಹತ್ತಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ಆ ಅವಧೀಲಿ ಮೀಟಿಂಗ್ ದಿನ ಹೊರಗಡೆ ಬೈಕ್ ನಿಲ್ಸ್ಕೊಂಡು ಹೆಂಡ್ತಿಯರ ಪರವಾಗಿ ಕಂಟ್ರಾಕ್ಟರ್ ಹತ್ರ ಮಾತಾಡೋ ಗಂಡಂದಿರು ಏಳೆಂಟು ಜನ ಇದ್ರು, ಆ ಸದಸ್ಯೆಯರಲ್ಲಿ ಒಬ್ಬರೂ ಎರಡನೇ ಸಲ ವಾಪಸ್ ಬರ್ಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ವಾರ್ಡ್ ಸಮಿತಿ ಅನ್ನೋದು ಸಂವಿಧಾನದಲ್ಲೇ ಇದೆ, ಆದ್ರೆ 3 ಲಕ್ಷ ಜನಸಂಖ್ಯೆ ದಾಟಿದ ಊರಿಗೆ ಮಾತ್ರ ಅದು ಕಡ್ಡಾಯ. ಬೆಂಗಳೂರು ಮಂಗಳೂರಲ್ಲಿ ಅದಕ್ಕೋಸ್ಕರ ಜನ ಹೈಕೋರ್ಟ್ ತನಕ ಹೋಗ್ಬೇಕಾಯ್ತು. ನಮ್ಮಂಥ ಊರಿಗೆ ಆ ಕಡ್ಡಾಯವೂ ಇಲ್ಲ. ಹಾಗಾಗಿ ನಾನೇ ಒಂದು ಮಾಡ್ಕೊಂಡೆ. ವಾರ್ಡಲ್ಲಿ ಹದಿನಾಲ್ಕು ಬೀದಿ, ಬೀದಿಗೊಬ್ಬ ಹೆಂಗಸು, ಅವರ ಕೈಲಿ ಒಂದು ಉದ್ದನೆ ನೋಟ್‌ಬುಕ್ಕು. ಅದ್ರಲ್ಲಿ ಬರೆಯೋದು ಮೂರೇ: ನೀರು ಯಾವಾಗ ಬಂತು ಯಾವಾಗ ನಿಂತಿತು, ನಿಲ್ಲೋದ್ರೊಳಗೆ ಮನೆಗೆ ಎಷ್ಟು ಕೊಡ ತುಂಬ್ತು, ಕಸದ ಗಾಡಿ ಬಂತಾ ಇಲ್ವಾ. ತಿಂಗಳ ಕೊನೇಲಿ ಎಲ್ಲಾ ಪುಸ್ತಕ ಸೇರಿಸಿ ಒಂದು ಶೀಟು ಮಾಡಿ ನ್ಯಾಯಬೆಲೆ ಅಂಗಡಿ ಗೋಡೆಗೆ ಅಂಟ್ಸೋದು. ಖರ್ಚು ನೋಡಿ, ಪುಸ್ತಕಕ್ಕೆ ಆಗ 40 ರೂಪಾಯಿ, ಜೆರಾಕ್ಸು ಗೋಂದು ಟೀ ಎಲ್ಲಾ ಸೇರಿ ತಿಂಗಳಿಗೆ 500-600 ದಾಟ್ತಿರ್ಲಿಲ್ಲ. ನಮ್ಮ ಗೌರವಧನ ಗಾಡಿ ಪೆಟ್ರೋಲಿಗೂ ಸಾಲಲ್ಲ, ಈ ದುಡ್ಡು ಬ್ಲೌಸ್ ಹೊಲಿದು ಬಂದಿದ್ದು.

ನಕ್ಕೋರು ಬಹಳ ಜನ. ಒಬ್ಬ ಹಿರಿಯ ಸದಸ್ಯರು ಸಾಮಾನ್ಯ ಸಭೇಲೇ "ಕೊಡ ಎಣಿಸೋಕೆ ಮೆಂಬರ್ ಆಗ್ಬೇಕಿತ್ತೇನಮ್ಮ" ಅಂದ್ರು. ಕೊಡ ಎಣಿಸಿದ್ರಿಂದಾನೇ ಮುಂದಿನದೆಲ್ಲಾ ಆಗಿದ್ದು.

ಮೊದಲ ಆರೇಳು ತಿಂಗಳು ಸರಿಯಾಗಿ ನಡೀಲೇ ಇಲ್ಲ. ಹದಿನಾಲ್ಕರಲ್ಲಿ ಬರ್ತಾ ಇದ್ದಿದ್ದು ನಾಲ್ಕೈದು ಪುಸ್ತಕ. ಕೆಲವರು ತಿಂಗಳ ಕೊನೆ ದಿನ ಕೂತು ಒಂದೇ ಪೆನ್ನಲ್ಲಿ ಇಡೀ ತಿಂಗಳು ಬರ್ದುಬಿಡ್ತಿದ್ರು, ಅದು ನೋಡಿದ್ರೇ ಗೊತ್ತಾಗುತ್ತೆ. ಮತ್ತೆ ಕೆಲವು ಮನೇಲಿ ಅತ್ತೆಯೋ ಗಂಡನೋ "ನಿಂಗ್ಯಾಕೆ ಊರ ಉಸಾಬರಿ" ಅಂತ ಪುಸ್ತಕ ಒಲೆ ಪಕ್ಕ ಎಸ್ದಿದ್ದೂ ಉಂಟು. ಚೆನ್ನಾಗಿ ಓದಿರೋ, ಕೆಲಸಕ್ಕೆ ಹೋಗೋ ಹೆಂಗಸರಿಗೆ ಕೊಟ್ರೆ ನಡೆಯುತ್ತೆ ಅಂತ ಎಲ್ಲರೂ ಹೇಳ್ತಿದ್ರು, ನಡೀಲಿಲ್ಲ, ಯಾಕಂದ್ರೆ ನೀರು ಬರೋ ಹೊತ್ತಿಗೆ ಅವರು ಮನೇಲಿರಲ್ಲ. ಕೊನೆಗೆ ನಿಂತಿದ್ದು ಬೀಡಿ ಕಟ್ಟೋರು, ಹೂ ಕಟ್ಟೋರು, ಮನೇಲೇ ರೊಟ್ಟಿ ಮಾಡಿ ಮಾರೋರು, ಎರಡು ಬೀದೀಲಿ ಓದು ಬರದ ಅಜ್ಜಿಯರು. ಅಜ್ಜಿ ಬಾಯಲ್ಲಿ ಹೇಳೋದು, ಮೊಮ್ಮಗಳು ಬರೆಯೋದು. ಅಜ್ಜಿ ಪುಸ್ತಕದಲ್ಲಿ ಒಂದು ದಿನಾನೂ ತಪ್ಪಿದ್ದಿಲ್ಲ. ಯಾರಿಗೆ ಪುಸ್ತಕ ಕೊಡ್ಬೇಕು ಅಂತ ಆರಿಸೋಕೆ ನನ್ನದೊಂದು ವಿಧಾನ ಇದೆ, ಅದನ್ನ ಇಲ್ಲಿ ಬರೆಯಲ್ಲ, ಎದುರಾಳಿಗಳೂ ಓದ್ತಾರೆ. ಮನೆಗೆ ಬಂದ್ರೆ ಹೇಳಿಕೊಡ್ತೀನಿ.

ವಾಟ್ಸಾಪ್ ಗ್ರೂಪಲ್ಲೂ ಮಾಡಿ ನೋಡ್ದೆ. ಒಂದು ವಾರದೊಳಗೆ ಗುಡ್ ಮಾರ್ನಿಂಗು, ದೇವರ ಫೋಟೋ, ಪಕ್ಷದ ಜಗಳ ಶುರುವಾಗಿ ನೀರಿನ ಮಾತು ಮುಳುಗಿ ಹೋಯ್ತು. ಅಲ್ಲದೆ ಫೋನು ಇರೋದು ಗಂಡಸರ ಕೈಲಿ, ಕೊಡ ಹಿಡಿಯೋದು ಹೆಂಗಸರು. ಪುಸ್ತಕಕ್ಕೇ ವಾಪಸ್ ಬಂದ್ವಿ.

ಪುಸ್ತಕಗಳ ಬೆಲೆ ಎಲ್ಲರಿಗೂ ಗೊತ್ತಾಗಿದ್ದು ಬರಗಾಲದಲ್ಲಿ. 2016-17ರ ಬೇಸಿಗೆ ನೆನಪಿರ್ಬೇಕು ಎಲ್ಲರಿಗೂ. ಎಂಟು ಹತ್ತು ದಿನಕ್ಕೊಂದ್ಸಲ ನೀರು, ಅದೂ ಮುಕ್ಕಾಲು ಗಂಟೆ. ಆಗ ನಮ್ಮ ಪುಸ್ತಕದ ಲೆಕ್ಕ ಹೇಗೆ ಬಂತು ಅಂದ್ರೆ, ಒಂದು ಮನೆಗೆ ಒಂದು ಸರದಿಗೆ 55-60 ಕೊಡ. ಇಂಜಿನಿಯರ್‌ಗಳ ಭಾಷೇಲಿ ಒಳಚರಂಡಿ ಇರೋ ಊರಿಗೆ ತಲೆಗೆ ದಿನಕ್ಕೆ 135 ಲೀಟರು, ಇಲ್ಲದ ಊರಿಗೆ 70. ನಮ್ಮ ಕೊಡ ಸುಮಾರು 15 ಲೀಟರಿಂದು, ಅಂದ್ರೆ 135 ಲೀಟರು ಅಂದ್ರೆ ತಲೆಗೆ ಒಂಬತ್ತು ಕೊಡ, ಐದು ಜನದ ಮನೆಗೆ ದಿನಕ್ಕೆ 45, ಎಂಟು ದಿನಕ್ಕೆ 360. ಬರ್ತಿರೋದು 60. ನಾನು ಸಭೇಲಿ ಎದ್ದು ನಿಂತು ಬೇರೇನೂ ಭಾಷಣ ಮಾಡ್ದೆ ಈ ಎರಡೇ ಸಂಖ್ಯೆ ಹೇಳ್ದೆ, 360 ಬರ್ಬೇಕಿತ್ತು 60 ಬಂದಿದೆ, ಹದಿನಾಲ್ಕು ಬೀದಿಯ ಪುಸ್ತಕ ಇಲ್ಲಿದೆ, ಯಾರಾದ್ರೂ ಸುಳ್ಳು ಅಂದ್ರೆ ಬಂದು ತಪಾಸಣೆ ಮಾಡಿ ಅಂತ. ಇಂಜಿನಿಯರ್ ಎದ್ದು ನಿಂತು ಲೀಟರ್ ಲೆಕ್ಕದಲ್ಲಿ ಏನೋ ಹೇಳೋಕೆ ಹೋದ್ರು, ಅವರ ಹತ್ರ ನಮ್ಮ ವಾರ್ಡಿಗೆ ಮೀಟರೇ ಇರ್ಲಿಲ್ಲ, ಅಂಕಿ ಇದ್ದಿದ್ದು ನಮ್ಮತ್ರ ಮಾತ್ರ. ಅವತ್ತಿಂದ ಕೊಡದ ಮಾತಿಗೆ ಯಾರೂ ನಗ್ಲಿಲ್ಲ.

ದೊಡ್ಡ ದುಡ್ಡಿನ ವಿಷಯ ಟ್ಯಾಂಕರ್‌ದು. ಬೇಸಿಗೇಲಿ ವಾರ್ಡಿಗೆ ಟ್ಯಾಂಕರ್ ಹೊಡೆಸ್ತಾರೆ, 5000 ಲೀಟರಿನ ಟ್ಯಾಂಕರು, ಆಗ ಟ್ರಿಪ್ಪಿಗೆ 450 ರೂಪಾಯಿ ಹತ್ರ. ಟ್ರಿಪ್ ಶೀಟಿಗೆ ಮೆಂಬರ್ ಸಹಿ ಬೇಕು. ಮೊದಲ ಬೇಸಿಗೇಲೇ ನನ್ನ ಮುಂದೆ ಬಂದ ಶೀಟಲ್ಲಿ ದಿನಕ್ಕೆ 15 ಟ್ರಿಪ್ಪು, ತಿಂಗಳಿಗೆ ಎರಡು ಲಕ್ಷ. ನಮ್ಮ ಬೀದಿ ಪುಸ್ತಕದಲ್ಲಿ ಕೂಡಿಸಿದ್ರೆ ಎಂಟು. ನಾನು ಎಂಟಕ್ಕೆ ಮಾತ್ರ ಸಹಿ ಹಾಕ್ತೀನಿ ಅಂದೆ. ಆಮೇಲೆ ನಾಲ್ಕೈದು ದಿನ ಟ್ಯಾಂಕರೇ ಬರ್ಲಿಲ್ಲ. ಜನರನ್ನ ನನ್ನ ಮೇಲೆ ಎತ್ತಿಕಟ್ಟೋ ಪ್ಲಾನು ಅದು. ಮನೆ ಮುಂದೆ ಖಾಲಿ ಕೊಡ ತಂದು ಸಾಲಾಗಿ ಇಟ್ರು, ಅದ್ರಲ್ಲಿ ನಂಗೇ ವೋಟ್ ಹಾಕಿದೋರೂ ಇದ್ರು. ಆ ದಿನಗಳಲ್ಲಿ ನಮ್ಮ ಯಜಮಾನ್ರು ಸ್ನೇಹಿತರ ತೋಟದ ಬೋರಿಂದ ಟ್ರ್ಯಾಕ್ಟರಲ್ಲಿ ನೀರು ತರ್ಸಿದ್ರು, ಡೀಸೆಲ್‌ಗೇ ಹತ್ರ ಹತ್ರ 9 ಸಾವಿರ ಹೋಯ್ತು ಅಂತ ನೆನಪು, ನನ್ನ ಚೀಟಿ ದುಡ್ಡು. ಬೀದಿ ಹೆಂಗಸರು ಅದೇ ಪುಸ್ತಕ ಹಿಡ್ಕೊಂಡು ಪೌರಾಯುಕ್ತರ ಚೇಂಬರಿಗೆ ಹೋಗಿ ಪುಟ ಪುಟ ತೆಗ್ದು ತೋರ್ಸಿದ್ರು. ನಾನು ಬೇಕಂತಲೇ ಅವತ್ತು ಜೊತೇಲಿ ಹೋಗ್ಲಿಲ್ಲ. ಮೆಂಬರ್ ಹೋದ್ರೆ ರಾಜಕೀಯ ಅಂತಾರೆ, ಹೂ ಕಟ್ಟೋ ಹೆಂಗಸು ತಾನೇ ಬರ್ದ ಪುಸ್ತಕ ತೋರ್ಸಿದ್ರೆ ಏನಂತಾರೆ? ಮಾರನೇ ದಿನವೇ ಟ್ಯಾಂಕರ್ ಬಂತು, ಬಿಲ್ಲು ತಿಂಗಳಿಗೆ ಲಕ್ಷ ಚಿಲ್ರೆಗೆ ಇಳೀತು, ನೀರು ಮಾತ್ರ ಮೊದಲಿನಷ್ಟೇ.

ಇನ್ನು ಮೋಟಾರ್ ಗಲಾಟೆ. ನೀರಿನ ಲೈನಿಗೇ ಮೋಟಾರ್ ಹಾಕಿ ತಮ್ಮ ಸಂಪ್ ತೊಟ್ಟಿಗೆ ಎಳ್ಕೊಳ್ಳೋರು ಮೇಲಿನ ಎರಡು ಬೀದೀಲಿ ಸುಮಾರಿದ್ರು, ಅದ್ರಿಂದ ಟೇಲೆಂಡ್, ಅಂದ್ರೆ ಲೈನಿನ ಕೊನೇ ಬೀದಿಗೆ ನೀರೇ ಏರ್ತಿರ್ಲಿಲ್ಲ. ಸಿಬ್ಬಂದಿ ಕರ್ಕೊಂಡು ರೇಡ್ ಮಾಡಿಸ್ದೆ, ಏಳೋ ಎಂಟೋ ಮೋಟಾರ್ ಸೀಜ್ ಆಯ್ತು, ಯಾರೋ ಫೋನ್ ಮಾಡಿ ಮಾರನೇ ದಿನ ವಾಪಸ್ ಕೊಡ್ಸಿದ್ರು. ಎರಡನೇ ಸಲ ರೇಡಿಗೆ ಸಿಬ್ಬಂದಿನೇ ಬರ್ಲಿಲ್ಲ. ಆಮೇಲೆ ನಾವು ಮಾಡಿದ್ದು ಇಷ್ಟೇ, ತಿಂಗಳ ಶೀಟಲ್ಲಿ ಮೇಲಿನ ಬೀದಿ ಕೊಡದ ಲೆಕ್ಕ ಮತ್ತೆ ಟೇಲೆಂಡ್ ಬೀದಿ ಕೊಡದ ಲೆಕ್ಕ ಪಕ್ಕಪಕ್ಕ ಬರ್ದು ಅಂಟ್ಸೋದು, ಯಾರ ಹೆಸರೂ ಇಲ್ಲ. ಶನಿವಾರ ದೇವಸ್ಥಾನದಲ್ಲಿ ಎರಡೂ ಬೀದಿ ಹೆಂಗಸರು ಒಂದೇ ಸಾಲಲ್ಲಿ ಮಂಗಳಾರತಿಗೆ ನಿಲ್ತಾರೆ, ಅಲ್ಲಿ ಮಾತಾಯ್ತು. ಮೂರು ತಿಂಗಳಲ್ಲಿ ಮುಕ್ಕಾಲು ಭಾಗ ಮೋಟಾರ್ ಅವರೇ ತೆಗೆದ್ರು. ಉಳಿದಿದ್ದು ಒಂದು ಬೈಪಾಸ್ ಲೈನು, ಒಂದು ಕಲ್ಯಾಣ ಮಂಟಪದ ಕಡೆಗೆ ಹೋಗ್ತಿತ್ತು, ನಗರಸಭೆ ನಕ್ಷೇಲಿ ಇಲ್ದಿದ್ದು. ಅದನ್ನ ನಾನು ಹೇಗೆ ಪತ್ತೆ ಹಚ್ಚಿದೆ ಅನ್ನೋದು ಗುಟ್ಟು, ನಿವೃತ್ತ ವಾಲ್ವ್‌ಮ್ಯಾನ್ ಒಬ್ಬರ ಜೊತೆ ರಾತ್ರಿ ಹೊತ್ತು ನಡೆದಿದ್ದೆ ಅಂತಷ್ಟೇ ಹೇಳ್ತೀನಿ. ಅದು ಕಟ್ ಆದ್ಮೇಲೆ ಟೇಲೆಂಡಲ್ಲಿ ಕೊಡದ ಲೆಕ್ಕ ಹತ್ರ ಹತ್ರ ಎರಡರಷ್ಟಾಯ್ತು.

ತೆರಿಗೆ ಕಡೆಗೂ ಗಮನ ಕೊಡಿ, ಬಹಳ ಸದಸ್ಯೆಯರು ಇದನ್ನ ಬಿಟ್ಬಿಡ್ತಾರೆ. ಏಪ್ರಿಲ್‌ನಲ್ಲಿ ಕಟ್ಟಿದ್ರೆ ಮನೆ ಕಂದಾಯದಲ್ಲಿ 5 ಪರ್ಸೆಂಟ್ ರಿಯಾಯಿತಿ, ಜುಲೈಯಿಂದ ತಿಂಗಳಿಗೆ 2 ಪರ್ಸೆಂಟ್ ದಂಡ. ನಮ್ಮ ವಾರ್ಡಲ್ಲಿ ವಸೂಲಿ ಅರ್ಧಕ್ಕಿಂತ ಕಮ್ಮಿ ಇತ್ತು. ಬಿಲ್ ಕಲೆಕ್ಟರನ್ನ ಏಪ್ರಿಲ್ ತಿಂಗಳು ಭಾನುವಾರ ಬೀದಿಗೇ ಕರ್ಸಿ ಅಂಗನವಾಡಿ ಜಗಲಿ ಮೇಲೆ ಕೂರ್ಸಿ ಚಲನ್ ಬರೆಸ್ದೆ, ಫಾರಂ ತುಂಬೋಕೆ ಪಿಯುಸಿ ಓದೋ ನಾಲ್ಕು ಹುಡುಗೀರು. ಎರಡು ವರ್ಷದಲ್ಲಿ ವಸೂಲಿ ಮುಕ್ಕಾಲು ದಾಟ್ತು. ಇದ್ರ ಲಾಭ ಏನಂದ್ರೆ, 14ನೇ ಹಣಕಾಸು ಆಯೋಗದ ಅನುದಾನಕ್ಕೆ ಆ್ಯಕ್ಷನ್ ಪ್ಲಾನ್ ಮಾಡೋವಾಗ "ನಮ್ಮ ವಾರ್ಡು ಇಷ್ಟು ಕಟ್ಟಿದೆ, ನಿಮ್ಮದು?" ಅಂತ ಕೇಳೋ ಹಕ್ಕು ಬರುತ್ತೆ. ಅದೇ ಮಾತಲ್ಲಿ ನಾಲ್ಕು ಲಕ್ಷ ಚಿಲ್ರೆಯ ಪೈಪ್‌ಲೈನ್ ಕನೆಕ್ಷನ್ನು ಎರಡು ವಾಲ್ವು ಪಾಸ್ ಮಾಡಿಸ್ಕೊಂಡೆ. ಆ ಎಸ್ಟಿಮೇಟು ಮೊದಲು ಆರೂವರೆ ಲಕ್ಷಕ್ಕೆ ಬಂದಿತ್ತು, ಅಗೆಯೋ ಮಣ್ಣಿನ ಲೆಕ್ಕದಲ್ಲಿ ಜಾಸ್ತಿ ತೋರ್ಸಿದ್ರು. ಟೇಪ್ ತಗೊಂಡು ಹೋಗಿ ನಾನೇ ಅಳತೆ ಮಾಡ್ದೆ. ಬಟ್ಟೆ ಅಳತೆ ಮಾಡೋಳಿಗೆ ರಸ್ತೆ ಅಳತೆ ಕಷ್ಟವಲ್ಲ.

ಕಸದ ವಿಷಯದಲ್ಲೂ ಕೈ ಹಾಕ್ದೆ. ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ನೋಡ್ಕೊಂಡು ಬಂದು, ನಮ್ಮಲ್ಲೂ ಹಸಿ ಕಸ ವಾರ್ಡಲ್ಲೇ ಗೊಬ್ಬರ ಮಾಡೋಣ ಅಂತ ಪೈಪ್ ಕಾಂಪೋಸ್ಟು ಒಂದು ನಲ್ವತ್ತು ಮನೆಗೆ ಹಾಕ್ಸಿದ್ವಿ, ಮನೆಗೆ 350 ರೂಪಾಯಿ ಬಿತ್ತು. ಮಳೆಗಾಲ ಬರ್ತಿದ್ದಂಗೆ ಹುಳ, ವಾಸನೆ, ಇಲಿ. ಒಂದೊಂದಾಗಿ ಎಲ್ಲಾ ಕಿತ್ತಾಕಿದ್ರು, ಈಗ ಐದೋ ಆರೋ ಮನೇಲಿ ಉಳ್ದಿದೆ, ಹಿತ್ತಲು ಇರೋ ಮನೆಗಳು. ಅಲ್ಲಿ ಕೆಲಸ ಮಾಡಿದ್ದು ಜಾಗ, ವಿಧಾನ ಅಲ್ಲ. ಬದಲಿಗೆ ಬೇರೇನೋ ಒಂದು ಸಿಕ್ತು: ಬ್ಲಾಕ್ ಸ್ಪಾಟಲ್ಲಿ ಕಸ ಎಸೆಯೋ ಜಾಗಕ್ಕೆ ಬೋರ್ಡು, ಸಿಸಿ ಕ್ಯಾಮೆರಾ, ರಂಗೋಲಿ ಎಲ್ಲಾ ಮಾಡಿ ಆಗದೇ ಇದ್ದಿದ್ದು, ಕಸದ ಗಾಡಿ ಟೈಮು ಬೆಳಗ್ಗೆ ಏಳರಿಂದ ಒಂಬತ್ತಕ್ಕೆ ಬದಲಾಯಿಸಿದ್ರಿಂದ ಆಯ್ತು. ಏಳಕ್ಕೆ ಹೆಂಗಸರು ಮಕ್ಕಳ ಟಿಫಿನ್ ಕಟ್ಟೋ ಹೊತ್ತು, ಗಾಡಿ ತಪ್ಪಿಸ್ಕೊಂಡ್ರೆ ಕಸ ಮೂಲೆಗೆ ಹೋಗ್ತಿತ್ತು. ಇದೂ ನಮ್ಮ ಪುಸ್ತಕದಲ್ಲಿ "ಗಾಡಿ ಬಂತು, ಕೊಡೋಕಾಗ್ಲಿಲ್ಲ" ಅಂತ ಪದೇ ಪದೇ ಬರ್ದಿದ್ದನ್ನ ನೋಡಿ ಗೊತ್ತಾಗಿದ್ದು. ಪೌರಕಾರ್ಮಿಕ ಹೆಂಗಸರಿಗೂ ಅದು ಒಳ್ಳೇದಾಯ್ತು, ಅವರ ಬೆಳಗಿನ ಉಪಾಹಾರದ ಟೈಮ್ ಹೊಂದ್ಕೊಳ್ತು.

2018ರ ಎಲೆಕ್ಷನ್ ಖರ್ಚು ನಂದು 80-90 ಸಾವಿರದ ಒಳಗೆ. ಎದುರಾಳಿಗಳದ್ದು ಎಷ್ಟು ಅಂತ ಊರಿಗೇ ಗೊತ್ತು, ಕೊನೇ ಎರಡು ರಾತ್ರಿ ಸೀರೆ ಹಂಚಿದ್ರು. ಹದಿನಾಲ್ಕು ಬೀದಿಯ ಹೆಂಗಸರು ಐದು ವರ್ಷದ ಪುಸ್ತಕ ತಗೊಂಡು ಮನೆಮನೆಗೆ ಹೋದ್ರು, ಮೊದಲ ವರ್ಷದ ಪುಟ ಕೊನೇ ವರ್ಷದ ಪುಟ ಎರಡೂ ತೋರ್ಸೋದು ಅಷ್ಟೇ. ಕರಪತ್ರ ಕೂಡ ಕಮ್ಮಿ ಮಾಡ್ಸಿದ್ವಿ.

ಗೆದ್ದಿದ್ದು ಸರಿ, ಅಧಿಕಾರ ಸಿಗ್ಲಿಲ್ಲ. ಅಧ್ಯಕ್ಷ ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ರಾಜ್ಯದ ತುಂಬ ಗೆದ್ದ ಸದಸ್ಯರು 2020ರ ಕೊನೇ ತನಕ ಆಡಳಿತಾಧಿಕಾರಿ ಕೈಕೆಳಗೆ ಸುಮ್ನೆ ಕೂರ್ಬೇಕಾಯ್ತು. ಎರಡು ವರ್ಷ ಸಾಮಾನ್ಯ ಸಭೆ ಇಲ್ಲ, ಠರಾವು ಇಲ್ಲ. ಬಹಳ ಜನ ಮೆಂಬರ್‌ಗಳು ಆಗ ಕೈಚೆಲ್ಲಿದ್ರು. ನಮ್ಮ ಪುಸ್ತಕಕ್ಕೆ ಅಧಿಕಾರ ಬೇಕಾಗಿರ್ಲಿಲ್ಲ, ಅದು ನಡೀತಾನೇ ಇತ್ತು. ಕೊರೊನಾ ಲಾಕ್‌ಡೌನ್ ಬಂದಾಗ ಯಾವ ಮನೇಲಿ ವಯಸ್ಸಾದೋರು, ಯಾರ ಮನೇಲಿ ಬಾಣಂತಿ, ಯಾರು ದಿನಗೂಲಿ ಅಂತ ಬೀದಿ ಹೆಂಗಸರ ಬಾಯಲ್ಲೇ ಇತ್ತು, ರೇಷನ್ ಕಿಟ್ ಹಂಚೋಕೆ ಬಂದ ಅಧಿಕಾರಿಗಳು ನಮ್ಮ ಪಟ್ಟೀನೇ ತಗೊಂಡ್ರು. ಆಶಾ ಕಾರ್ಯಕರ್ತೆಯರು ಎರಡು ವಾರದಲ್ಲಿ ಮುಗಿಸ್ಬೇಕಿದ್ದ ಸರ್ವೆ ನಮ್ಮಲ್ಲಿ ಮೂರ್ನಾಲ್ಕು ದಿನದಲ್ಲಿ ಮುಗೀತು.

ಆಮೇಲೆ ನಂಗೆ ಸ್ಥಾಯಿ ಸಮಿತಿ ಅಧ್ಯಕ್ಷತೆ ಸಿಕ್ತು. ಮೊದಲು ಮಾಡಿದ ಕೆಲಸ, ಟ್ಯಾಂಕರ್ ಹೋದ ಬೀದಿಯ ಹೆಂಗಸರ ಸಹಿ ಇಲ್ದೆ ಟ್ಯಾಂಕರ್ ಬಿಲ್ ಪಾಸ್ ಆಗ್ಬಾರ್ದು ಅಂತ ವಿಷಯ ಮಂಡಿಸಿದ್ದು. ಎರಡು ಸಭೇಲಿ ಮುಂದಕ್ಕೆ ಹಾಕಿದ್ರು, ಮೂರನೇ ಸಭೇಲಿ ನಡವಳಿ ಪುಸ್ತಕಕ್ಕೆ ಬರೆಸೋ ತನಕ ನಾನು ಕುರ್ಚಿಯಿಂದ ಏಳ್ಲಿಲ್ಲ. ಬಾಯಿ ಮಾತಲ್ಲಿ "ಆಯ್ತು ಮೇಡಂ" ಅಂದಿದ್ದು ಯಾವುದೂ ಉಳಿಯಲ್ಲ, ನಡವಳೀಲಿ ಬಂದ ಸಾಲು, ನಂಬರ್ ಸಮೇತ, ಅದೊಂದೇ ಕೈಲಿ ಉಳಿಯೋದು. ಕೊಡ ಎಣಿಸ್ತೀಯಾ ಅಂದಿದ್ರಲ್ಲ, ಅವರ ವಾರ್ಡಲ್ಲೂ ಈಗ ಪುಸ್ತಕ ಇದೆ. 31ರಲ್ಲಿ ಒಂದು ಹನ್ನೆರಡು ವಾರ್ಡಲ್ಲಿ ಒಂದಲ್ಲ ಒಂದು ರೂಪದಲ್ಲಿ ನಡೀತಿದೆ, ಅದ್ರಲ್ಲಿ ನಾಲ್ಕೈದು ಹೆಸರಿಗೆ ಮಾತ್ರ.

ನಮ್ಮ ವಾರ್ಡಿನ ಬೀದಿ ಹೆಂಗಸರಲ್ಲಿ ಇಬ್ಬರು ಮುಂದಿನ ಸಲ ನಿಲ್ತೀವಿ ಅಂತಿದ್ದಾರೆ, ಅದ್ರಲ್ಲಿ ಒಬ್ಬರು ನನ್ನ ವಾರ್ಡಿಗೇ. ನಿಲ್ಲಲಿ, ನಾನೇ ಅವರಿಗೆ ಎಸ್ಟಿಮೇಟ್ ಓದೋದು ಹೇಳಿಕೊಡ್ತಿದ್ದೀನಿ, ಬುಧವಾರ ಸಂಜೆ ಅಂಗಡಿ ಮುಚ್ಚಿದ್ಮೇಲೆ ನಮ್ಮ ಮನೇಲಿ. ಬೇರೆ ಊರಿನ ಸದಸ್ಯೆಯರು ಯಾರಾದ್ರೂ ಶುರು ಮಾಡೋದಿದ್ರೆ ಮಾರ್ಚ್ ತನಕ ಕಾಯ್ಬೇಡಿ, ದೀಪಾವಳಿ ಆಗ್ತಿದ್ದಂಗೆ ಪುಸ್ತಕ ಕೊಟ್ಬಿಡಿ, ನೀರು ಚೆನ್ನಾಗಿರೋ ಮೂರು ತಿಂಗಳ ಲೆಕ್ಕ ಕೈಲಿದ್ರೇನೇ ಬೇಸಿಗೆ ಲೆಕ್ಕಕ್ಕೆ ಬೆಲೆ. ಮತ್ತೆ ಪೆನ್ನು ಬಾಲ್‌ಪೆನ್ನೇ ಕೊಡಿ, ಒದ್ದೆ ಕೈಲಿ ಬರೆಯೋ ಪುಸ್ತಕ ಅದು, ಜೆಲ್ ಪೆನ್ ಇಂಕು ಹರಡುತ್ತೆ.